ಮೊದಲ ಅರ್ಧಗಂಟೆಗೆ ಫೀಸಿಲ್ಲ

ಬೆಳಗಿನ ಆರು ಗಂಟೆ. ಬೀಗ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ವಕೀಲರೊಬ್ಬರು ಕರಿ ಕೋಟನ್ನು ಮೊಳೆಗೆ ಸಿಕ್ಕಿಸಿ, ತಾವೇ ಕಸ ಗುಡಿಸುತ್ತಿದ್ದಾರೆ. ವಯಸ್ಸು ಅರವತ್ತೊಂದು. ಬಗ್ಗಿದರೆ ಸೊಂಟ ಹಿಡಿಯುತ್ತದೆ, ಎದ್ದರೆ ಮಂಡಿ. ಹೊರಗೆ ಮೆಟ್ಟಿಲ ಮೇಲೆ ಆಗಲೇ ಇಬ್ಬರು ಹೆಂಗಸರು ಕೂತಿದ್ದಾರೆ.

ಹೊಸಬರನ್ನು ಇವರು ನೋಡುವುದು ಆರರಿಂದ ಎಂಟರವರೆಗೆ, ಯಾರ ಕೂಲಿಯೂ ತಪ್ಪಬಾರದೆಂದು. ಮೊದಲ ಅರ್ಧಗಂಟೆಗೆ ಫೀಸಿಲ್ಲ. ಬೀದಿಯವರು ಇಟ್ಟ ಹೆಸರು ‘ಅರ್ಧಗಂಟೆ ಲಾಯರು’. ವಾರಕ್ಕೆ ಹನ್ನೆರಡು ಜನ ಬಂದರೆ ಮೂವರದು ಕೇಸಾಗುತ್ತದೆ. “ಕೇಸಿಲ್ಲ, ಮನೆಗೆ ಹೋಗಿ ಅಂತ ಒಪ್ಪಿಸೋಕೇ ಜಾಸ್ತಿ ಹೊತ್ತು ಬೇಕು. ಅದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ?” ಮನೆ ನಡೆಯುತ್ತಿರುವುದು ಟೀಚರಾಗಿರುವ ಹೆಂಡತಿಯ ಸಂಬಳದಲ್ಲಿ. ಆಕೆ ಬರುವ ವರ್ಷ ನಿವೃತ್ತರಾಗುತ್ತಾರೆ.

ಫೀಸನ್ನು ಇವರು ಬಾಯಲ್ಲಿ ಹೇಳುವುದಿಲ್ಲ, ಹಾಳೆಯ ಮೇಲೆ ಬರೆಯುತ್ತಾರೆ. ತಮ್ಮದೆಷ್ಟು, ಕೋರ್ಟಿಗೆ ಕಟ್ಟುವುದೆಷ್ಟು, ಯಾವಾಗ ಎಷ್ಟು ಕೊಡಬೇಕು, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ. ಓದು ಬಾರದವರಿಗೆ ಅದನ್ನು ಓದಿ ಹೇಳುವವನು ಕೆಳಗಿನ ಬೀಗದವನು. “ನನ್ನ ಫೀಸು ನಾನೇ ಓದಿದ್ರೆ ಕಡಿಮೆ ಅನ್ಸೋ ಹಾಗೆ ಓದ್ತೀನಿ,” ಎಂದು ನಗುತ್ತಾರೆ. ಹಾಳೆ ಮನೆಗೆ ಒಯ್ದು, ಒಂದು ರಾತ್ರಿ ಯೋಚಿಸಿ ಬಂದ ಮೇಲೇ ವಕಾಲತ್ತಿಗೆ ಸಹಿ. ಕೋಪದಲ್ಲಿ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಹಾಕಿಬಿಡುತ್ತಾನಂತೆ.

ಈ ಪದ್ಧತಿಯೇ ಒಮ್ಮೆ ಒಬ್ಬ ವಾಚ್‌ಮನ್‌ನ ಮನೆ ಕಳೆಯಿತು. ಒಂಬತ್ತು ವರ್ಷದ ಹಿಂದಿನ ಮಾತು. ಅವನ ಗೋಳನ್ನೆಲ್ಲ ಕೇಳಿದರು, ಮನೆ ಬಿಡಿಸುವ ಕೋರ್ಟ್ ಕಾಗದದ ತಾರೀಖು ಮಾತ್ರ ನೋಡಲಿಲ್ಲ. ಮೇಲ್ಮನವಿಗೆ ಅಂದೇ ಕಡೆಯ ದಿನವಾಗಿತ್ತು. “ನಾಳೆ ಬಾ ಅಂದೆ. ಅವನಿಗೆ ನಾಳೆ ಇರ್ಲಿಲ್ಲ.” ಇಷ್ಟು ಹೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. ಅಂದಿನಿಂದ ಯಾರೇ ಬರಲಿ, ಮೊದಲು ಕೇಳುವುದು ಲಕೋಟೆ.

ಮೆಟ್ಟಿಲ ಮೇಲಿದ್ದವರು ಒಳಗೆ ಬರುತ್ತಾರೆ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಹೆಂಗಸು, ಜೊತೆಗೆ ನಾದಿನಿ. ಆರು ಬೆಡ್‌ಶೀಟ್ ಕದ್ದಳೆಂದು ಕೆಲಸದಿಂದ ತೆಗೆದಿದ್ದಾರೆ.

“ಕಾಗದ ಯಾವತ್ತು ಬಂತಮ್ಮ?”

“ಬಂದು ತುಂಬ ದಿನ ಆಯ್ತು. ಒಡೆಯೋಕೆ ಭಯ ಆಗಿ ಬೀರು ಮೇಲಿಟ್ಟಿದ್ದೆ.”

“ಭಯ ಇವಳಿಗೆ! ಮನೇಲಿ ನಮ್ಮಣ್ಣ ಉಸಿರೆತ್ತಂಗಿಲ್ಲ,” ಎನ್ನುತ್ತಾಳೆ ನಾದಿನಿ.

ವಕೀಲರು ಅಂಚೆಮುದ್ರೆ ನೋಡಿ ಬೆರಳು ಮಡಿಸಿ ಎಣಿಸುತ್ತಾರೆ. ಇನ್ನೊಮ್ಮೆ ಎಣಿಸುತ್ತಾರೆ. ಮನವಿಗೆ ಮೂವತ್ತು ದಿನ, ಇವತ್ತು ಮೂವತ್ತನೆಯದು. ಹನ್ನೊಂದಕ್ಕೆ ಬೇರೊಂದು ಕೇಸು ಬೇರೆ ಇದೆ. ದೊಡ್ಡದೊಂದು ಆಕಳಿಕೆ ಬರುತ್ತದೆ. ಅದನ್ನು ನುಂಗಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

“ಫೀಸಿನ ಮಾತು ನಾಳೆ ಆಡೋಣ. ಈಗ ಏನಾಯ್ತು ಹೇಳಿ.”

“ನಾಳೆ ಯಾಕೆ? ಪುಕ್ಕಟೆ ಮಾಡಿಸ್ಕೊಳ್ಳೋಕೆ ಬಂದಿಲ್ಲ ಸಾರ್. ಈಗಲೇ ಕಳ್ಳಿ ಅನ್ನಿಸ್ಕೊಂಡಿದೀನಿ, ಪುಕ್ಕಟೆಯವಳು ಅಂತಾನೂ ಯಾಕೆ?”

ವಕೀಲರು ತಲೆಯೆತ್ತಿ ಅವಳನ್ನೇ ನೋಡುತ್ತಾರೆ. ಹಾಳೆ ಎಳೆದು ಫೀಸು ಬರೆಯುತ್ತಾರೆ. ಕೂಗಿದ್ದಕ್ಕೆ ಬೀಗದವನು ಎಣ್ಣೆಗೈ ಒರೆಸಿಕೊಳ್ಳುತ್ತ ಮೇಲೆ ಬಂದು ಗಟ್ಟಿಯಾಗಿ ಓದುತ್ತಾನೆ. “ನಾಲ್ಕು ಕಂತು ಅಕ್ಕಾ. ಇವತ್ತಿನ ಸಾಲಲ್ಲಿ ಕೋರ್ಟಿಂದು ಮಾತ್ರ ಇದೆ, ಇವರದು ಸೊನ್ನೆ.” ಆಮೇಲೆ ವಕೀಲರ ಕಡೆ ತಿರುಗಿ, “ಹಿಂಗೇ ಬರೀತಾ ಇರಿ, ಮನೇಲಿ ಮೇಡಮ್ಮು ನಿಮ್ಮ ಊಟಕ್ಕೂ ಸೊನ್ನೆ ಬರೀತಾರೆ.” ನಾದಿನಿ ಕಿಸಕ್ಕನೆ ನಗುತ್ತಾಳೆ. ಒಗೆಯುವಾಕೆ ನಗುವುದಿಲ್ಲ. ಎಲ್ಲವನ್ನೂ ಇನ್ನೊಮ್ಮೆ ಓದಿಸಿ, ಕೇಳಿ, ಆಮೇಲೆ ನಿಧಾನವಾಗಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತುತ್ತಾಳೆ.

ಸಂಜೆ ನಾಲ್ಕೂ ಮುಕ್ಕಾಲಿಗೆ, ಕೋರ್ಟಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಲು ಕಾಲು ಗಂಟೆ ಇರುವಾಗ, ಮನವಿಯ ಮೇಲೆ ಮೊಹರು ಬೀಳುತ್ತದೆ. ವಕೀಲರು ಮಧ್ಯಾಹ್ನ ಊಟ ಮಾಡಿಲ್ಲ.

“ಗೆಲ್ತೀವಾ ಸಾರ್?”

“ಗೊತ್ತಿಲ್ಲ ಕಣಮ್ಮ. ನಿನ್ನ ಮಾತು ಕೇಳ್ದೆ ಇರೋಕೆ ಮಾತ್ರ ಇನ್ನು ಅವರ ಕೈಲಾಗಲ್ಲ.”

ಅವಳು ರಸೀದಿಯನ್ನು ಎರಡು ಸಲ ಮಡಿಸಿ ಹೋಗುತ್ತಾಳೆ. ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಶೂ ಲೇಸು ಸಡಿಲಿಸುತ್ತಾರೆ. ಇಷ್ಟು ವರ್ಷ ದುಡಿದು ಏನು ಉಳಿಯಿತು ಎಂದು ಕೇಳಿದರೆ ಇನ್ನೊಂದು ಶೂವಿನ ಲೇಸಿಗೆ ಕೈ ಹಾಕುತ್ತಾರೆ.

“ಉಳಿದಿದ್ದು ನಮ್ಮನೆಯವರನ್ನ ಕೇಳ್ಬೇಕು. ನಾನು ಹೇಳೋದಾದ್ರೆ... ಇವತ್ತು ಯಾರಿಗೂ ‘ತಡ ಆಯ್ತು’ ಅಂತ ಹೇಳ್ಲಿಲ್ಲ.”