ಉಪಕಾರ ಸ್ಮರಣೆಯಲ್ಲೊಂದು ಹೆಸರು

ನಮ್ಮ ವಿಭಾಗದಲ್ಲಿ ಯಾರನ್ನು ಕೇಳಿದರೂ ನಂದಿತಾಳನ್ನು ಹೊಗಳುತ್ತಾರೆ. ಆ ಹೊಗಳಿಕೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹೊಗಳಿ ಹೊಗಳಿಯೇ ಆ ಹುಡುಗಿಯನ್ನು ಕುರ್ಚಿಗೆ ಕಟ್ಟಿಹಾಕಿದ್ದಾರೆ.

ನಮ್ಮದು ಕೋಲಾರದ ಹೊರಗಿನ ಒಂದು ಖಾಸಗಿ ಮೆಡಿಕಲ್ ಕಾಲೇಜು. ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ನಾನು ಗುಮಾಸ್ತ, ಮಾಲೂರಿನಿಂದ ಓಡಾಡುವವನು. ನಂದಿತಾ ಮುಳಬಾಗಿಲಿನವಳು. ಎಂ.ಎಸ್ಸಿ. ಮುಗಿಸಿ ಸಂಶೋಧನಾ ಸಹಾಯಕಿಯಾಗಿ ಬಂದಾಗ ಅವಳಿಗಿದ್ದದ್ದು ಒಂದೇ ಆಸೆ, ಪಿಎಚ್.ಡಿ. ಮಾಡಬೇಕು. ಅವಳು ಸೇರಬೇಕೆಂದಿದ್ದ ವಿಶ್ವವಿದ್ಯಾಲಯದವರು, ವೈದ್ಯಕೀಯ ಪತ್ರಿಕೆಯಲ್ಲಿ ನಿನ್ನ ಹೆಸರಿನ ಲೇಖನ ಒಂದಾದರೂ ಬಂದಿರಲಿ ಎಂದಿದ್ದರು. ಲೇಖಕರ ಸಾಲಿನಲ್ಲಿ ಕಡೆಯ ಹೆಸರಾದರೂ ನಡೆಯುತ್ತಿತ್ತು.

ನಮ್ಮ ಮುಖ್ಯಸ್ಥರಾದ ಡಾಕ್ಟರ್ ವೆಂಕಟರಾಯಪ್ಪನವರು ಆಗಲೇ ಮಾತು ಕೊಟ್ಟರು. "ಫ್ಲೋರೈಡ್ ಪೇಪರ್ ಒಂದು ಆಗ್ಲಮ್ಮಾ, ನಿನ್ನ ಹೆಸ್ರು ಹಾಕೋ ಜವಾಬ್ದಾರಿ ನಂದು."

ಅದು ಬೋರ್‌ವೆಲ್ ನೀರಿನ ಫ್ಲೋರೈಡಿಗೂ ಮಕ್ಕಳ ಹಲ್ಲು ಕಂದುಗಟ್ಟುವುದಕ್ಕೂ ಇರುವ ಸಂಬಂಧದ ಲೇಖನ. ಹೋಳೂರಿನ ಕಡೆ ಮನೆಮನೆ ತಿರುಗಿ ನೀರು ತುಂಬಿಸಿಕೊಂಡು ಬಂದವಳು ಇವಳು. ಮಕ್ಕಳನ್ನು ಪುಸಲಾಯಿಸಿ ಬಾಯಿ ತೆರೆಸಿದವಳೂ ಇವಳೇ. ನಮ್ಮ ಡಾಕ್ಟರುಗಳು ಜೀಪಿನಿಂದ ಒಮ್ಮೆ ಇಳಿದು ಫೋಟೋ ತೆಗೆಸಿಕೊಂಡರು, ಎಳನೀರು ಕುಡಿದರು, ಬಂದರು.

ಆಮೇಲೆ ಶುರುವಾಯಿತು ಉಲ್ಲೇಖಗಳ ಕಾಟ. ವೈದ್ಯಕೀಯ ಲೇಖನದಲ್ಲಿ ಬೇರೆಯವರು ಹೇಳಿದ್ದನ್ನು ಎತ್ತಿಕೊಂಡ ಕಡೆಯೆಲ್ಲ ಒಂದು ಸಣ್ಣ ಅಂಕಿ ಇಟ್ಟು, ಅದೇ ಕ್ರಮದಲ್ಲಿ ಕೊನೆಗೆ ಅವರ ಹೆಸರು, ಲೇಖನ, ಪತ್ರಿಕೆ, ಪುಟ ಎಲ್ಲ ಬರೆಯಬೇಕು. ನಡುವೆ ಒಂದನ್ನು ಸೇರಿಸಿದರೆ ಅದರ ನಂತರದವೆಲ್ಲ ರೇಷನ್ ಅಂಗಡಿಯ ಸಾಲಿನಂತೆ ಒಂದೊಂದು ಹೆಜ್ಜೆ ಸರಿಯಬೇಕು. ಇದಕ್ಕೆ ಸಾಫ್ಟ್‌ವೇರ್ ಇದೆ, ಇಲ್ಲವೆಂದಲ್ಲ. ಆದರೆ ಐದು ಜನ ಡಾಕ್ಟರುಗಳು ಐದು ಫೈಲಿನಲ್ಲಿ ತಮಗೆ ತೋಚಿದ ಅಂಕಿಯನ್ನು ಕೈಯಾರೆ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಯಾವ ಸಾಫ್ಟ್‌ವೇರ್ ಏನು ಮಾಡೀತು?

ಮೊದಲ ಪತ್ರಿಕೆ ಲೇಖನವನ್ನು ವಾಪಸು ಕಳಿಸಿತು. ಎರಡನೆಯದೂ ಅಷ್ಟೇ. ಒಂದೊಂದು ಪತ್ರಿಕೆಗೂ ಒಂದೊಂದು ಮಡಿ. ಒಬ್ಬರಿಗೆ ಇಸವಿ ಹೆಸರಿನ ಪಕ್ಕದಲ್ಲೇ ಬೇಕು, ಇನ್ನೊಬ್ಬರಿಗೆ ಪತ್ರಿಕೆಯ ಹೆಸರಾದ ಮೇಲೆ ಬೇಕು. ಪ್ರತಿ ಸಲವೂ ನಂದಿತಾ ಮೊದಲಿನಿಂದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು. ಈ ಕೆಲಸ ಅವಳಿಗೆ ಬರುತ್ತದೆಂದು ಗೊತ್ತಾಗಿದ್ದೇ ತಡ, ಪಕ್ಕದ ವಿಭಾಗದವರೂ ಪೆನ್‌ಡ್ರೈವ್ ಹಿಡಿದು ಬಂದರು. "ನಮ್ ನಂದಿತಾ ಇದಾಳಲ್ಲ" ಎನ್ನುವುದು ಕಾಲೇಜಿಗೇ ಮಂತ್ರವಾಯಿತು. ಬಿಟ್ಟು ಹೋಗೋಣವೆಂದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಇರೋಣವೆಂದರೆ ಕೊನೆಯೇ ಕಾಣದು.

ಮೂರನೆಯ ಪತ್ರಿಕೆಯವರು ಲೇಖನ ಹಿಡಿಸಿತೆಂದರು, ಆದರೆ ಉಲ್ಲೇಖಗಳು ಮೂವತ್ತು ಮೀರಕೂಡದು ಎಂದರು. ನಮ್ಮಲ್ಲಿ ನಲವತ್ತಾರಿದ್ದವು. ಯಾಕೆಂದರೆ ನಮ್ಮವರು ಉಲ್ಲೇಖಪಟ್ಟಿಯನ್ನು ಲಗ್ನಪತ್ರಿಕೆಯ ಥರ ನೋಡುತ್ತಾರೆ. ದೊಡ್ಡವರ ಹೆಸರು ಬಿಟ್ಟುಹೋದರೆ ಮುನಿಸು. ಪ್ರಿನ್ಸಿಪಾಲರ ಗುರುಗಳ ಹಾವು ಕಡಿತದ ಲೇಖನ, ಮುಖ್ಯಸ್ಥರ ಗೆಳೆಯರ ಮಲೇರಿಯಾ ಲೇಖನ, ಮುಖ್ಯಸ್ಥರ ಭಾಮೈದ ನಂಗಲಿಯಲ್ಲಿ ಲಾರಿ ಚಾಲಕರ ಕಣ್ಣು ಪರೀಕ್ಷಿಸಿ ಬರೆದದ್ದು, ಇಂಥವೆಲ್ಲ ಮಕ್ಕಳ ಹಲ್ಲಿನ ನಡುವೆ ಕೂತಿದ್ದವು. ತೆಗೆದರೆ ಇವರ ಕೋಪ, ಇಟ್ಟರೆ ಪತ್ರಿಕೆಯವರು ಒಪ್ಪುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಸೋಮವಾರ ಅವಳು ನಗುತ್ತಾ ಬಂದಳು. ಅವಳ ತಂದೆ ಸುಬ್ರಹ್ಮಣ್ಯ ಅವರದು ಮುಳಬಾಗಿಲಿನಲ್ಲಿ ಸಣ್ಣ ಪ್ರೆಸ್ಸು. ಜೀವಮಾನವಿಡೀ ಲಗ್ನಪತ್ರಿಕೆ ಅಚ್ಚು ಹಾಕಿದವರು.

"ಮುನಿಕೃಷ್ಣಣ್ಣಾ, ಅಪ್ಪ ದಾರಿ ತೋರ್ಸಿದ್ರು. ಮೇಲೆ ಜಾಗ ಸಾಲ್ದಿದ್ರೆ ಎಲ್ರನ್ನೂ ಕೆಳಗಡೆ ಬಂಧುಮಿತ್ರರ ಜೊತೆ ಸೇರಿಸ್ಬಿಡು ಅಂದ್ರು. 'ಅಲ್ಲಿರೋ ಹೆಸ್ರನ್ನ ಯಾರೂ ಓದಲ್ಲ, ಬಿಟ್ಬಿಟ್ರು ಅಂತ ಯಾರೂ ಜಗಳಕ್ಕೂ ಬರಲ್ಲ' ಅಂತ."

ಲೇಖನದ ಕೊನೆಗೆ ಉಪಕಾರ ಸ್ಮರಣೆ ಎಂದು ಒಂದು ಭಾಗ ಇರುತ್ತದೆ. ಹಾವಿನವರು, ಮಲೇರಿಯಾದವರು, ಲಾರಿಯವರು ಎಲ್ಲರನ್ನೂ ಉಲ್ಲೇಖದಿಂದ ಎಬ್ಬಿಸಿ, ಮಾರ್ಗದರ್ಶನ ನೀಡಿದವರೆಂದು ಅಲ್ಲಿ ಕೂರಿಸಿದಳು. ಒಬ್ಬರೂ ಮುನಿಯಲಿಲ್ಲ. ವೆಂಕಟರಾಯಪ್ಪನವರಂತೂ "ಭೇಷ್" ಎಂದರು. ಪತ್ರಿಕೆ ಲೇಖನವನ್ನು ಒಪ್ಪಿಕೊಂಡಿತು. ಅವತ್ತು ಅವಳು ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿದಳು. ಹೆಸರು ಅಚ್ಚಾದ ಪುಟಕ್ಕೆ ಅಪ್ಪ ಫ್ರೇಮ್ ಹಾಕಿಸಿ ಪ್ರೆಸ್ಸಿನಲ್ಲಿ ತೂಗುಹಾಕುತ್ತಾರಂತೆ ಎಂದು ಹೇಳಿಕೊಂಡು ಓಡಾಡಿದಳು. ಅವಳನ್ನು ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಅಚ್ಚಿಗೆ ಹೋಗುವ ಮುಂಚೆ ಪತ್ರಿಕೆಯವರು ಇನ್ನೊಂದು ನಿಯಮ ಹೇಳಿದರು: ಲೇಖಕರು ಆರೇ ಜನ ಇರಬೇಕು. ನಂದಿತಾ ಏಳನೆಯವಳು.

ಮುಖ್ಯಸ್ಥರು ಅವಳನ್ನು ಕರೆಸಿದರು. ಫೈಲು ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಕೂತ್ಕೋಮ್ಮಾ. ಕಾಫಿ ಕುಡೀತೀಯಾ?" ಎಂದರು. ಆಮೇಲೆ, "ಒಂದ್ ಹೆಸ್ರು ಕಮ್ಮಿ ಮಾಡ್ಬೇಕಂತೆ" ಎಂದರು.

"ಸರ್, ಹೋಳೂರಿನ ಕೆಲಸ ಎಲ್ಲಾ ನಾನೇ..."

"ಅದಿ ಕಾದಮ್ಮಾ, ಹಂಗಲ್ಲ, ನಿನ್ನ ಕೆಲಸ ನಂಗೊತ್ತಿಲ್ವಾ? ನೀನು ನಮ್ಮನೆ ಮಗಳಿದ್ದಂಗೆ. ಹೊರಗಿನವ್ರನ್ನ ತೆಗೆದ್ರೆ ಬೇಜಾರಾಗ್ತಾರೆ, ಮನೆಯವ್ರು ತಡ್ಕೊಬೇಕು. ನೀನೇ ಒಳ್ಳೇ ದಾರಿ ತೋರ್ಸಿದ್ಯಲ್ಲ, ಉಪಕಾರ ಸ್ಮರಣೇಲಿ ಹಾಕ್ಬಿಡು. ಮುಂದಿನ್ ಪೇಪರ್‌ನಲ್ಲಿ ಗ್ಯಾರಂಟಿ."

ಆ ಮನುಷ್ಯ ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಅವರ ಕಣ್ಣಲ್ಲಿ ನಿಜವಾಗಿಯೂ ಅಕ್ಕರೆ ಇತ್ತು.

ಹೊರಗೆ ಬಂದ ಮೇಲೆ, "ಪ್ರಿನ್ಸಿಪಾಲರ ಹತ್ರ ಹೋಗಿ ಕೇಳಮ್ಮಾ" ಎಂದೆ.

"ಪ್ರಿನ್ಸಿಪಾಲರದು ಎರಡನೇ ಹೆಸರು ಅಣ್ಣಾ" ಎಂದಳು.

ಅವಳೇ ಕೂತು ಮೇಲಿನ ಸಾಲಿನಿಂದ ತನ್ನ ಹೆಸರನ್ನು ಅಳಿಸಿದಳು. ಕೊನೆಯ ಪುಟದಲ್ಲಿ, ನಂಗಲಿಯ ಲಾರಿಯವರಾದ ಮೇಲೆ, 'ಕುಮಾರಿ ನಂದಿತಾ' ಎಂದು ಟೈಪ್ ಮಾಡಿದಳು. ಅಷ್ಟರಲ್ಲಿ ಯಾರೋ ಮುಂದಿನ ಲೇಖನದ ಪೆನ್‌ಡ್ರೈವ್ ತಂದು ಅವಳ ಕೈಗೆ ಕೊಟ್ಟು ಹೋದರು. ಅವಳು ಬೇಡವೆನ್ನಲಿಲ್ಲ.

ಸಂಜೆ ಆ ಕೊನೆಯ ಪುಟವನ್ನು ಪ್ರಿಂಟ್ ತೆಗೆದುಕೊಂಡಳು. "ಅಪ್ಪ ಕೇಳ್ತಾನೇ ಇದಾರೆ. ಹೆಸರಂತೂ ಇದೆಯಲ್ಲ" ಎಂದು ಬ್ಯಾಗಿಗೆ ಹಾಕಿಕೊಂಡಳು. ಮುಳಬಾಗಿಲು ಬಸ್ಸಿನ ಹೊತ್ತಾಗಿತ್ತು. ಬಾಗಿಲವರೆಗೆ ಹೋದವಳು ವಾಪಸು ಬಂದು, ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು.

"ಬೇಡ ಅಣ್ಣಾ. ಆ ಜಾಗ ಅಪ್ಪಂಗೆ ಚೆನ್ನಾಗ್ ಗೊತ್ತು."