ಅವ್ವನ ಪಾಲಿನ ಹಾಲು

ನಮ್ಮ ಮನೆಯ ಗೋಡೆಗನ್ನಡಿಯ ಅಂಚಿನಲ್ಲಿ ಒಂದೂ ಟಿಕಳಿ ಅಂಟಿಲ್ಲ. ಬೆಟಗೇರಿಯ ನಮ್ಮ ಓಣಿಯ ಯಾವ ಮನೆಗೆ ಹೋದರೂ ಕನ್ನಡಿಯ ಮೈಗೆ ಕೆಂಪು, ಕಂದು, ಹಸಿರು ಚುಕ್ಕೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ರಾತ್ರಿ ಹಣೆಯಿಂದ ಕಿತ್ತು ಅಲ್ಲಿ ಅಂಟಿಸುವುದು, ಬೆಳಗ್ಗೆ ಅಲ್ಲಿಂದ ಕಿತ್ತು ಮತ್ತೆ ಹಣೆಗೇರಿಸುವುದು ಹೆಂಗಸರ ನಿತ್ಯವಿಧಿ. ಆ ಚುಕ್ಕೆಗಳನ್ನು ನೋಡಿಯೇ ಆ ಮನೆಯಲ್ಲಿ ಸೊಸೆ ಬಂದಿದ್ದಾಳೋ, ಮಗಳು ತವರಿಗೆ ಬಂದಿದ್ದಾಳೋ ಎಂದು ಊಹಿಸಬಹುದು. ನಮ್ಮ ಕನ್ನಡಿ ಮಾತ್ರ ಎದುರು ನಿಂತವರ ಮುಖವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಅದು ಶುದ್ಧವಾದ ಕನ್ನಡಿ. ಓದುಗ ಮಿತ್ರರೇ, ‘ಶುದ್ಧ’ ಎಂಬ ಪದವನ್ನು ನಾನು ಎರಡು ಸಲ ಯೋಚಿಸಿಯೇ ಬರೆದಿದ್ದೇನೆ; ಪದಗಳನ್ನು ಎಚ್ಚರದಿಂದ ಬಳಸಬೇಕೆಂಬ ಭಯ, ಮನೆತನದಲ್ಲಿ ಮೊದಲು ಪದವಿ ಪಡೆದವರನ್ನು ಸುಲಭವಾಗಿ ಬಿಡುವುದಿಲ್ಲ. ಶುದ್ಧವಾಗಿ ಇರುವುದಕ್ಕೂ, ಬೋಳಾಗಿ ಉಳಿಯುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ನನಗಿನ್ನೂ ತಿಳಿದಿಲ್ಲ.

ನಮ್ಮ ಕ್ರೈಸ್ತ ಪ್ರಾರ್ಥನಾ ಸಭೆಯಲ್ಲಿ ವಿಶ್ವಾಸಕ್ಕೆ ತೆರಬೇಕಾದ ಬೆಲೆಯನ್ನು ಕುರಿತು ಬೋಧಿಸುವಾಗಲೆಲ್ಲ ಸಿಂಹಗಳ ಗವಿ, ಉರಿಯುವ ಕುಲುಮೆ, ಸೆರೆಮನೆಯ ಸರಪಳಿಗಳು ತಪ್ಪದೆ ಬರುತ್ತವೆ. ಕೇಳುವಾಗ ಮೈ ನವಿರೇಳುತ್ತದೆ. ಅಂಥ ಬೆಲೆಯನ್ನು ತೆರುವ ಧೈರ್ಯ ನಮಗೂ ಇದೆಯೆಂದು ಆ ಹೊತ್ತಿಗೆ ಅನ್ನಿಸುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಸಿಂಹಗಳಿಲ್ಲ. ಕಪ್ಪತಗುಡ್ಡದಲ್ಲಿ ಒಂದೆರಡು ಚಿರತೆಗಳು ಇದ್ದರೂ ಇರಬಹುದು. ಅವುಗಳಿಗೆ ನಮ್ಮ ವಿಶ್ವಾಸದ ಗೊಡವೆಯಿಲ್ಲ. ಇಲ್ಲಿ ಬೆಲೆಯನ್ನು ಕೇಳುವವರು ಉಗುರು ಹಲ್ಲು ತೋರಿಸಿ ಕೇಳುವುದಿಲ್ಲ. ಚಹಾ ಕುಡಿಯುತ್ತ, ಮಗಳೇ ಎನ್ನುತ್ತ, ತಂಗಿ ಎನ್ನುತ್ತ, ಸಹೋದರಿ ಎನ್ನುತ್ತ ಕೇಳುತ್ತಾರೆ.

ನನ್ನ ಅವ್ವ ನೀಲವ್ವ ಹಿರೇಹಂದಿಗೋಳದ ರೈತಮನೆತನದ ಮಗಳು. ಬೆಟಗೇರಿಯ ನೇಕಾರಿಕೆಯ ಮನೆಗೆ ಸೊಸೆಯಾಗಿ ಬಂದವಳು. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಪಕ್ಕದ ಮಂಚದಲ್ಲಿದ್ದ ರೋಗಿಯನ್ನು ನೋಡಲು ಬಂದ ಹೆಂಗಸೊಬ್ಬಳು ಇವಳ ಹೆಸರನ್ನೂ ಕೇಳಿ, ಕಣ್ಣುಮುಚ್ಚಿ ಪ್ರಾರ್ಥಿಸಿ ಹೋದಳಂತೆ. ನಮ್ಮ ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳುವವರ ಕಥೆಗಳಲ್ಲಿ ಸತ್ತವರು ಎದ್ದು ಕೂರುತ್ತಾರೆ, ಕುಂಟರು ಓಡುತ್ತಾರೆ. ಅವ್ವನ ಸಾಕ್ಷಿಯಲ್ಲಿ ಅಂಥದ್ದೇನೂ ಇರಲಿಲ್ಲ. ಅವಳು ಹೇಳಿದ್ದು ಇಷ್ಟೇ: “ಹುಟ್ಟಿದಾಗಿಂದ ಮಂದಿ ಸಲುವಾಗಿ ನಾನ ಬೇಡಕೊಂಡೀನ್ರಿ. ನನ್ನ ಹೆಸರು ಹಿಡದು ಯಾರರ ಬೇಡಕೊಂಡಿದ್ದು ನಾ ಕಂಡಿದ್ದಿಲ್ಲ. ಅವತ್ತ ಕಂಡೆ.” ಕೇಳಿದವರಿಗೆ ನಿರಾಸೆಯಾಗಿರಬೇಕು. ಅವ್ವ ಮಾತ್ರ ಅಷ್ಟರ ಮೇಲೆಯೇ ತನ್ನ ಉಳಿದ ಆಯುಷ್ಯವನ್ನೆಲ್ಲ ಕಟ್ಟಿದಳು. ಮುಂಡರಗಿಯ ಆಚೆ ತುಂಗಭದ್ರೆಯಲ್ಲಿ ನಾವಿಬ್ಬರೂ ದೀಕ್ಷಾಸ್ನಾನ ಪಡೆದೆವು; ಅಂದಿನಿಂದ ಹಣೆಗೆ ಟಿಕಳಿ ಇಡಲಿಲ್ಲ. ಅಪ್ಪ ನೀರಿಗೆ ಇಳಿಯಲಿಲ್ಲ. ನಮ್ಮ ಒಣ ಬಟ್ಟೆಗಳನ್ನು ಎದೆಗವುಚಿಕೊಂಡು ದಂಡೆಯ ಮೇಲೆ ನಿಂತಿದ್ದ. ಧರ್ಮದ ವಿಷಯದಲ್ಲಿ ಅಪ್ಪನ ನಿಲುವು ಇಂದಿಗೂ ಅದೇ.

ಆ ವರ್ಷದಿಂದ ಪಂಚಮಿಗೆ ತವರಿನ ಕರೆ ನಿಂತಿತು. ನಮ್ಮ ಕಡೆ ಶ್ರಾವಣದ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಕೊಟ್ಟ ಮಗಳು ಕರೆಯದೆ ಹೋಗುವಂತಿಲ್ಲ. ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲೂ ಎಲ್ಲೆಲ್ಲಿಯದೋ ಹಕ್ಕಿಗಳು ಕರೆಯದೆ ಬಂದಿಳಿಯುತ್ತವೆ, ಅವುಗಳನ್ನು ನೋಡಲು ನಾವು ಬಸ್ಸು ಹತ್ತಿ ಹೋಗುತ್ತೇವೆ. ಬಸ್ಸು ಹತ್ತಿದರೆ ತಾಸಿನೊಳಗೆ ತಲುಪಬಹುದಾದ ತನ್ನ ಊರಿಗೆ ಅವ್ವನಿಗೆ ಮಾತ್ರ ವರ್ಷಗಟ್ಟಲೆ ಹೋಗಲಾಗಲಿಲ್ಲ. ಪಂಚಮಿ ಸಮೀಪಿಸಿದಂತೆ ಅವಳಿಗೆ ಬಾಗಿಲ ಮುಂದೆಯೇ ಕೆಲಸಗಳು ಹುಟ್ಟಿಕೊಳ್ಳುತ್ತಿದ್ದವು. ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದಳು. ಓಣಿಯ ತಿರುವಿನಲ್ಲಿ ಗಾಡಿಯ ಸದ್ದಾದರೆ ತಲೆಯೆತ್ತುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವಳಂತೆ ಒಳಗೆ ಓದುತ್ತ ಕೂರುತ್ತಿದ್ದೆ.

ಕಳೆದ ಶ್ರಾವಣದಲ್ಲಿ, ಜಿಟಿಜಿಟಿ ಮಳೆಯಲ್ಲಿ, ಬಸಪ್ಪ ಮಾವ ನಮ್ಮ ಬಾಗಿಲ ಮುಂದೆ ಬೈಕು ನಿಲ್ಲಿಸಿದ. ಅವ್ವನ ಅಣ್ಣ. ದೀಕ್ಷಾಸ್ನಾನದ ಸುದ್ದಿ ತಿಳಿದಾಗ ಇನ್ನು ತಮ್ಮ ಹೊಸ್ತಿಲು ತುಳಿಯಬೇಡವೆಂದು ಹೇಳಿ ಕಳಿಸಿದವನೂ ಅವನೇ.

“ಏನವಾ ಪಾದ್ರಿವ್ವ, ಹಂಗ ಒಳಗ ಬರಬಹುದೋ, ಇಲ್ಲಾ ನೀರಾಗ ಮುಳುಗಿ ಬರಬೇಕೋ?” ಎಂದ.

“ಮಳ್ಯಾಗ ತೊಯ್ಸಿಕೊಂಡು ಬಂದೀಯಲ್ಲ ಯಣ್ಣಾ, ಅಷ್ಟ ಸಾಕು. ಬಾ, ಕುಂಡ್ರು,” ಎಂದಳು ಅವ್ವ.

ಚಹಾ ಮುಗಿಯುವವರೆಗೂ ಮಾವ ಮಳೆ, ಹೆಸರಿನ ಬೆಳೆ, ಲಕ್ಷ್ಮೇಶ್ವರದ ಪೇಟೆಯ ಧಾರಣೆ ಎಂದು ಸುತ್ತು ಹೊಡೆದ. ಕಡೆಗೆ ಲೋಟವನ್ನು ಕೆಳಗಿಟ್ಟು, “ಅವ್ವ ಹಟಾ ಹಿಡದಾಳ. ನೀಲಿ ಬಂದ ಹೊರತು ಪಂಚಮಿ ಉಂಡಿಗೆ ಎಳ್ಳು ಹುರಿಯಂಗಿಲ್ಲ ಅಂತ ಕುಂತಾಳ. ಜಲ್ದಿ ತಯಾರಾಗು,” ಎಂದ. ಮತ್ತೆ, “ಆದ್ರ ಹಿಂಗ ಬರೇ ಹಣಿಲೆ ಬರಬ್ಯಾಡ. ಊರ ಮಂದಿ ನಿನ್ನ ಗಂಡ ಹ್ವಾದ ಅಂತ ತಿಳಕೊಂತಾರ,” ಎಂದ.

ಒಳಗಿನ ಮಗ್ಗದ ಸದ್ದು ನಿಂತಿತು. “ಖಬರ ನನಗೂ ತಿಳಸ್ರಿಪಾ,” ಎಂದ ಅಪ್ಪ ಒಳಗಿನಿಂದಲೇ, “ಮಣ್ಣಿಗೆ ನಾನೂ ಬರ್ತೀನಿ.”

ಮಾವನೂ ನಕ್ಕುಬಿಟ್ಟ. ನಗುವಿನ ಸಂದಿನಲ್ಲಿ ಅವ್ವ ಮೆಲ್ಲಗೆ, “ಹಣಿ ಹಿಂಗ ಇರತೈತಿ ಯಣ್ಣಾ. ಕರಿಯೂದಿದ್ರ ಹಿಂಗ ಕರಕೊಂಡು ಹೋಗು,” ಎಂದಳು. ಮಾವ ಚಹಾದ ಲೋಟವನ್ನು ಅತ್ತ ಸರಿಸಿ, “ಆತು. ಸೆರಗರ ಮುಂದ ಎಳಕೋ,” ಎಂದ. ಹಾಗೆ ಒಪ್ಪಂದವಾಯಿತು. ಹಣೆಯನ್ನು ಮುಚ್ಚುವಷ್ಟು ಸೆರಗು: ಅಣ್ಣನ ಮಾನಕ್ಕೂ ತಂಗಿಯ ವಿಶ್ವಾಸಕ್ಕೂ ನಡುವೆ ನೇಯಲಾದದ್ದು ಅಷ್ಟೇ ಅಗಲದ ಬಟ್ಟೆ.

ಅವ್ವನ ಜೊತೆ ನಾನೂ ಹೋದೆ. ಹಿರೇಹಂದಿಗೋಳದಲ್ಲಿ ಅವ್ವನ ಅವ್ವ, ನಮ್ಮ ಆಯಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ ಬಗೆಯನ್ನು ವರ್ಣಿಸಲು ನನ್ನ ಭಾಷೆ ಸಾಲದು. ಸೆರಗನ್ನು ಹಿಂದೆ ಸರಿಸಿದಳು, ಬೋಳು ಹಣೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು, ಮತ್ತೆ ತಾನೇ ಸೆರಗನ್ನು ಮುಂದೆ ಎಳೆದಳು.

ಮರುದಿನ ಹೊಲದ ಬದುವಿನ ಹುತ್ತಕ್ಕೆ ಹಾಲೆರೆಯಲು ಹೊರಟಾಗ ಅವ್ವನೂ ಹಿಂದೆ ಹಿಂದೆ ನಡೆದಳು. ಹತ್ತಿರ ಹೋಗದೆ ಬೇವಿನ ಗಿಡದ ಬುಡದಲ್ಲಿ ನಿಂತಳು. ಕೈಗಳೆರಡನ್ನೂ ಎದೆಯ ಬಳಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ನಮ್ಮಲ್ಲಿ ಹಾಲನ್ನು ಸುಮ್ಮನೆ ಎರೆಯುವುದಿಲ್ಲ. ಮನೆಯವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳಿ, ಕೊಬ್ಬರಿ ಬಟ್ಟಲಿನಿಂದ ಅವರವರ ಪಾಲನ್ನು ಎರೆಯುತ್ತಾರೆ. ಎದುರಿಗಿದ್ದವರು ತಮ್ಮ ಪಾಲನ್ನು ತಾವೇ ಎರೆಯಬೇಕು. ದೂರವಿದ್ದವರ ಪಾಲನ್ನು ಮನೆಯ ಹಿರಿಯಳು ಅವರ ಹೆಸರು ಹಿಡಿದು ಎರೆಯುತ್ತಾಳೆ. ಆಯಿ ಗುರುವಿನ ಪಾಲು, ಸತ್ತ ಅಜ್ಜನ ಪಾಲು ಎಂದು ಎರೆದಳು. ಮಾವ ತನ್ನದನ್ನು ಎರೆದ. ಅತ್ತೆ, ಮಕ್ಕಳು ಎರೆದರು. ಆಮೇಲೆ ಆಯಿ ಬಟ್ಟಲನ್ನು ತುಂಬಿಕೊಂಡು ಅವ್ವನತ್ತ ಚಾಚಿದಳು.

“ಬಾ ನೀಲಾ. ನಿನ್ನ ಪಾಲು ನೀನ ಎರಿ.”

“ಯವ್ವಾ, ನನ್ನಿಂದ ಆಗೂದಿಲ್ಲ.”

“ನಾಗಪ್ಪಗ ಬ್ಯಾಡ. ನನ್ನ ಸಲುವಾಗಿ ಎರಿ.”

“ನಿನ್ನ ಸಲುವಾಗಿ ಜೀವಾ ಕೇಳು, ಕೊಡ್ತೀನಿ. ಇದೊಂದು ಕೇಳಬ್ಯಾಡ.”

ಬಟ್ಟಲು ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಆಗ ಅತ್ತೆ, ತಡೆಯಲಾರದೆ, ಅವ್ವನಿಗೆ ಕೇಳುವಂತೆ ಹೇಳಿದಳು: “ಇಷ್ಟು ವರ್ಷ ನೀ ಬರದಿದ್ರೂ ನಿನ್ನ ಹೆಸರ ಹಿಡದು ಎರೀತಿದ್ಲು ನಮ್ಮತ್ತಿ. ಇವರು ಬ್ಯಾಡ ಅಂತ ಬೈದ್ರೂ ಬಿಟ್ಟಿಲ್ಲ. ಒಂದ ವರ್ಷನೂ ನಿನ್ನ ಪಾಲು ತಪ್ಪಿಸಿಲ್ಲ.”

ಯಾರೂ ತನ್ನ ಹೆಸರು ಹಿಡಿದು ಬೇಡಿಕೊಂಡದ್ದನ್ನು ಕಾಣದೆ ಹೋದವಳು ನಮ್ಮ ಅವ್ವ. ಅವಳ ಮುಖದತ್ತ ನೋಡುವ ಧೈರ್ಯ ನನಗಾಗಲಿಲ್ಲ. ಆಯಿ ಅಳಲಿಲ್ಲ. “ಇಲ್ಲದಾಕಿ ಪಾಲು ಎರಿಯಾಕ ನನಗ ಹಕ್ಕಿತ್ತು,” ಎಂದಳು, “ಎದುರಿಗೆ ನಿಂತು ಒಲ್ಲೆ ಅಂದಾಕಿ ಪಾಲು ಹೆಂಗ ಎರೀಲಿ?” ಬಟ್ಟಲಿನ ಹಾಲನ್ನು ತಂಬಿಗೆಗೆ ಹಿಂದಕ್ಕೆ ಸುರಿದುಕೊಂಡು ಮನೆಯ ದಾರಿ ಹಿಡಿದಳು. ಮಿತ್ರರೇ, ದೂರವಿದ್ದಾಗ ವರ್ಷ ವರ್ಷವೂ ಇದ್ದ ಪಾಲನ್ನು ಅವ್ವ ಹತ್ತಿರ ಬಂದು ಕಳೆದುಕೊಂಡಳು. ಪ್ರೀತಿಗೆ ಇಂಥ ಕ್ರೂರವಾದ ನಿಯಮವನ್ನು ಯಾರು ವಿಧಿಸಿದರೋ! ಹಾಲು ಎರೆದಿದ್ದರೆ ಹುತ್ತದ ಮಣ್ಣು ತುಸು ಒದ್ದೆಯಾಗುತ್ತಿತ್ತು, ಅಷ್ಟೇ ಎಂದು ನನ್ನ ವಿದ್ಯಾವಂತ ಬುದ್ಧಿ ಹೇಳುತ್ತದೆ. ಆದರೆ ಅಷ್ಟನ್ನು ಮಾಡದಿರುವುದಕ್ಕೆ ಅವ್ವ ತೆತ್ತದ್ದು ಏನೆಂಬುದನ್ನು ಕಂಡ ಮೇಲೆ, ಅದನ್ನು ‘ಅಷ್ಟೇ’ ಎನ್ನಲು ನಾಲಗೆ ಏಳುವುದಿಲ್ಲ.

ಮಾವನ ಮಗಳು ಇದನ್ನೆಲ್ಲ ಮೊಬೈಲಿನಲ್ಲಿ ಸೆರೆಹಿಡಿದಿದ್ದಳು. ಮಾತುಗಳನ್ನು ತೆಗೆದು, ಪಂಚಮಿಯ ಹಾಡೊಂದನ್ನು ಜೋಡಿಸಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಪಾಪ, ಸೋದರತ್ತೆ ಬಂದ ಸಂತೋಷ ಅವಳಿಗೆ. ಅದು ಕೈಯಿಂದ ಕೈಗೆ ಸಾಗಿ ನಮ್ಮ ಸಭೆಯವರೆಗೂ ಬಂದಿತು. ಹುತ್ತ, ಹಾಲು, ತಲೆಯ ಮೇಲೆ ಸೆರಗು ಹೊತ್ತು ಕೈ ಹೆಣೆದು ನಿಂತ ನೀಲವ್ವ. ಅಣ್ಣನ ಮಾನಕ್ಕೆಂದು ಎಳೆದುಕೊಂಡ ಸೆರಗು ಅಲ್ಲಿ ಭಕ್ತಿಯಾಗಿ ಕಂಡಿತು.

ಶನಿವಾರ ಸಂಜೆ ಸಭಾಪಾಲಕರು ಮನೆಗೆ ಬಂದರು. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಈ ಪ್ರಬಂಧವನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಲಕ್ಷ್ಮೇಶ್ವರದ ಕಾಳುಕಡಿ ವ್ಯಾಪಾರದ ಮನೆತನದಿಂದ ಬರಿಗೈಯಲ್ಲಿ ಹೊರಬಿದ್ದವರು. ಹೆತ್ತ ತಂದೆಯ ಮಣ್ಣಿಗೂ ಅವರನ್ನು ಹತ್ತಿರ ಬಿಟ್ಟಿರಲಿಲ್ಲ. ಅಷ್ಟು ದೊಡ್ಡ ಬೆಲೆ ತೆತ್ತವರಿಗೆ ಉಳಿದವರು ಕಡಿಮೆಗೆ ಪಾರಾಗುವುದು ಸಹನೆಯಾಗುವುದಿಲ್ಲವೇನೋ.

“ನೀಲವ್ವ, ನಾಳೆ ಕರ್ತನ ಭೋಜನ ಐತಿ,” ಎಂದರು. “ಸಭೆ ಮುಂದ ನಿಂತು ತಪ್ಪಾತು ಅಂತ ಒಂದು ಮಾತು ಹೇಳಿಬಿಡ್ರಿ. ಎಲ್ಲಾ ಮುಗೀತದ.”

“ನಾ ಎರದಿಲ್ರಿ.”

“ಅದು ನಿಮಗ ಗೊತ್ತು, ದೇವರಿಗೆ ಗೊತ್ತು. ನೋಡಿದ ಮಂದಿಗೆ ಗೊತ್ತಿಲ್ಲಲ್ಲ? ಹೊಸ ವಿಶ್ವಾಸಿಗಳು ಎಡವತಾರವಾ.”

ನಾನು ಬಾಯಿ ಹಾಕಿದೆ. “ಸರ್, ನಾನೇ ಅಲ್ಲಿದ್ದೆ. ಅವ್ವ ಎರೆಯಲಿಲ್ಲ,” ಎಂದೆ, ಎಂದಿನ ನನ್ನ ಪುಸ್ತಕದ ಕನ್ನಡದಲ್ಲಿ. ಅವರು ಕರುಣೆಯಿಂದ ನನ್ನತ್ತ ನೋಡಿ, “ನೀವು ಮಗಳು ಅಲ್ಲೇನವಾ,” ಎಂದರು.

ಅವ್ವ ಅವರ ಕಡೆಗೇ ತಿರುಗಿದಳು. “ಎರದೀನಿ ಅಂತ ನಾಳೆ ಮಾಫಿ ಕೇಳಿದ್ರ, ಅವತ್ತ ಹಾಲು ಎರೀಲಾರದ, ನನ್ನ ಅವ್ವನ್ನ ಬರಿಗೈಲೆ ಕಳಿಸಿದ್ದು ಯಾತಕ್ರಿ? ನಾ ಸುಳ್ಳು ಹೇಳಂಗಿಲ್ಲ.”

“ಹಂಗಾರ ನಾಳೆ ನಿಮಗ ರೊಟ್ಟಿ ಕೊಡಾಕ ಬರಂಗಿಲ್ಲ,” ಎಂದರು ಅವರು. ಎದ್ದು ಹೋಗುವಾಗ ಅವರ ಕಣ್ಣುಗಳೂ ಒದ್ದೆಯಾಗಿದ್ದವು. ಕಣ್ಣು ಒದ್ದೆಯಾದವರೆಲ್ಲ ತಮ್ಮ ನಿರ್ಧಾರವನ್ನು ಬದಲಿಸುವಂತಿದ್ದರೆ ಲೋಕ ಬೇರೆಯೇ ಆಗಿರುತ್ತಿತ್ತು.

ಭಾನುವಾರ ಅವ್ವ ಎಂದಿನಂತೆ ಬಿಳಿ ಸೀರೆಯುಟ್ಟು, ಎಂದಿನ ಸ್ಥಳದಲ್ಲಿಯೇ ಜಮಖಾನದ ಮೇಲೆ ಕುಳಿತಳು. ಹಾಡುಗಳನ್ನು ಹಾಡಿದಳು. ವಿಶ್ವಾಸಿಗಳು ತಲಾ ಒಂದು ತುಣುಕು ತೆಗೆದುಕೊಳ್ಳುವ ಕರ್ತನ ಭೋಜನದ ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಅವಳ ಆಚೆ ಕುಳಿತಿದ್ದವಳು ಅವ್ವನ ಮೊಣಕಾಲುಗಳ ಮೇಲಿಂದ ಕೈಚಾಚಿ ತಟ್ಟೆಯನ್ನು ನನಗೆ ದಾಟಿಸಿದಳು. ನಾನು ಅವ್ವನ ಕಡೆ ನೋಡಿದೆ. “ತಗೋ,” ಎಂದಳು ಅವಳು, ತುಟಿಯಲ್ಲೇ. ತಗೊಂಡೆ. ಎರಡು ದೇವರುಗಳ ನಡುವೆ ಆಯ್ಕೆ ಮಾಡುವುದೇ ವಿಶ್ವಾಸದ ಕಷ್ಟವೆಂದು ತಿಳಿದಿದ್ದೆ. ಅವ್ವ ಆ ಆಯ್ಕೆಯನ್ನು ಎಂದೋ ಮಾಡಿ ಮುಗಿಸಿದ್ದಳು. ಅವಳನ್ನು ದಣಿಸಿದವರು ದೇವರುಗಳ ಪರವಾಗಿ ಬಾಗಿಲಲ್ಲಿ ನಿಂತ ಮನುಷ್ಯರು. ಅತ್ತ ಅಣ್ಣನ ಊರಿಗೆ ಅವಳು ಕ್ರೈಸ್ತಳು, ಇತ್ತ ಕ್ರೈಸ್ತರಿಗೆ ಅವಳು ಹಾಲೆರೆದವಳು. ಅವಳು ನಿಜವಾಗಿ ಏನು ಮಾಡಿದಳೆಂಬುದನ್ನು ಬಲ್ಲವರು ಎರಡೂ ಕಡೆ ಇದ್ದರು. ಆದರೆ ಅವಳ ಪರವಾಗಿ ಎದ್ದು ನಿಲ್ಲುವವರು ಯಾವ ಕಡೆಯೂ ಇರಲಿಲ್ಲ.

ಅಂದು ಸಂಜೆ ಫೋನು ಬಂತು. ಮಾವನ ಮಗಳು ತನ್ನ ಮೊಬೈಲನ್ನು ಆಯಿಯ ಬಾಯಿಯ ಬಳಿ ಹಿಡಿದಿದ್ದಳೆಂದು ತೋರುತ್ತದೆ. ಆಯಿಯ ಉಸಿರೂ ಕೇಳುತ್ತಿತ್ತು. ಅವ್ವ ಒಲೆಯ ಮುಂದಿದ್ದಳು. ಅವಳ ಕೈ ಹಿಟ್ಟಾಗಿದ್ದುದರಿಂದ ನಾನು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದೆ.

“ಸಿಟ್ಟಿಲ್ಲ ನನಗ,” ಎಂದಳು ಆಯಿ. “ಒಂದ ಮಾತು ಕೇಳಬೇಕಾಗಿತ್ತು. ಇಲ್ಲಿ ಪಾಲು ನೀ ಒಲ್ಲೆ ಅಂದಿ. ಆತು. ಅಲ್ಲಿ ನಿಮ್ಮ ದೇವರ ಮನ್ಯಾಗರ ನಿನ್ನ ಪಾಲು ನಿನಗ ಕೊಡತಾರಿಲ್ಲೋ?”

ಅವ್ವ ನನ್ನತ್ತ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

“ಕೊಡ್ತಾರ ಯವ್ವಾ,” ಎಂದಳು. “ಇವತ್ತ ಕೊಟ್ರು. ಎಲ್ಲಾರ್ಕಿಂತ ಮೊದಲ ನನಗ ಕೊಟ್ರು.”