ಯಾವ ಇಲಾಖೆಯ ಮೇಡಂ

ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷವೇ ಸಂಘಮಿತ್ರಾ ಜಮಖಂಡಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಲು ಸೇರಿದಳು. ಅಪ್ಪ ಹೊಳೆಪ್ಪ ಅದೇ ಊರಿನ ಪೋಸ್ಟ್‌ಮ್ಯಾನ್. ಅವನಿಗೆ ಗೊತ್ತಿಲ್ಲದ ಬಾಗಿಲು ಊರಲ್ಲಿರಲಿಲ್ಲ, ಒಳಗೆ ಬಾ ಎಂದವರು ಮಾತ್ರ ಕಡಿಮೆ. ಮಗಳ ಪಾಲಿಗೂ ಬಾಗಿಲು ತಟ್ಟುವ ಕೆಲಸವೇ ಬಂತು.

ಸೀರೆ ನೇಯುವ ಮನೆಗಳಲ್ಲಿ ಹೆಂಗಸರು ದಿನವಿಡೀ ಕಂಡಿಕೆಗೆ ನೂಲು ಸುತ್ತಿದರೂ ಅದನ್ನು ಯಾರೂ ದುಡಿಮೆ ಎನ್ನುವುದಿಲ್ಲ, ಯಾಕೆ ಎಂಬುದು ಅವಳ ಪಿಎಚ್.ಡಿ. ಪ್ರಶ್ನೆ. ರಬಕವಿಯಲ್ಲಿ ಗೂಳಪ್ಪನೆಂಬ ನೇಕಾರ ಹೊಸ್ತಿಲಲ್ಲೇ ತಡೆದ.

"ಯಾವ ಇಲಾಖೆದವ್ರರೀ? ಸೇಲ್ಸ್ ಟ್ಯಾಕ್ಸಿನವ್ರೇನು?"

"ಅಲ್ರೀ ಅಜ್ಜಾರ, ಕಾಲೇಜಿನಾಕಿ."

"ಕಾಲೇಜಿನವ್ರಿಗೆ ನಮ್ಮನಿ ಹೆಣ್ಮಕ್ಕಳ ಸುದ್ದಿ ಯಾಕ ಬೇಕು? ಇರ್ಲಿ, ನಿಮ್ಮ ಅಡ್ಡಹೆಸರೇನರೀ?"

ಮನೆತನದ ಹೆಸರು ಕೇಳಿದ್ದು ಜಾತಿ ತಿಳಿಯಲೆಂದು ಅವಳಿಗೆ ಗೊತ್ತಿತ್ತು. ಹೇಳಿದಳು. ಕುಡಿಯಲು ನೀರು ಬರಲಿಲ್ಲ.

ಅವಳಿಗೆ ಬಾಗಿಲು ತೆರೆಸಿಕೊಟ್ಟವನು ಮಾಂತೇಶ. ಅದೇ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು, ಬನಹಟ್ಟಿಯ ನೇಕಾರರ ಮನೆಯ ಹುಡುಗ. ಅವನು ಜೊತೆಗೆ ಬಂದು "ಕಾಕಾ, ನಮ್ಮವ್ರ ಅದಾರ" ಎಂದರೆ ಸಾಕು, ಮಾತು ಶುರುವಾಗುತ್ತಿತ್ತು.

ಹೊಳೆಯ ಆಣೆಕಟ್ಟೆಯ ಹಿನ್ನೀರು ಏರಿ ಹಳ್ಳಿಗಳು ಮುಳುಗಿದ ಮೇಲೆ ಅವಳು ಬೀಳಗಿಯ ಕಡೆ ಹೊರಳಿದಳು. ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರ ಅಡುಗೆಯಲ್ಲಿ ಏನು ಬದಲಾಯಿತು, ಯಾರ ಮಕ್ಕಳು ಶಾಲೆ ಬಿಟ್ಟರು ಎಂದು ಕೇಳುತ್ತ ತಿರುಗಿದಳು. ಪರಿಹಾರ ಕಡಿತ ಮಾಡಲು ಸರ್ಕಾರ ಕಳಿಸಿದ ಹೆಂಗಸು ಎಂದು ಅಲ್ಲಿ ಸುದ್ದಿ ಹಬ್ಬಿತು. ಎಷ್ಟೋ ದಿನಗಳ ನಂತರ ಸಾತವ್ವ ಎಂಬಾಕೆ ನಗುತ್ತ ಹೇಳಿದಳು: "ನಾ ಹೇಳಿದ್ದು ಅಷ್ಟೂ ಸುಳ್ಳು ಬೇ ಯವ್ವಾ. ನೀ ಖರೆ ಅಂತ ಬರಕೊಂಡ ಹೋದಿ."

ಸಂಘಮಿತ್ರಾ ಮತ್ತೆ ಮೊದಲಿನಿಂದ ಕೇಳಿದಳು. ಆದರೆ ಅಂದಿನಿಂದ ಅವಳಲ್ಲೂ ಒಂದು ಹುಳ ಹೊಕ್ಕಿತು. ಯಾರು ಏನು ಹೇಳಿದರೂ, ಇವರಿಂದ ಇದನ್ನು ಹೇಳಿಸುತ್ತಿರುವವರು ಯಾರು ಎಂದು ಮನಸ್ಸು ಹುಡುಕುತ್ತಿತ್ತು. ವಿಶ್ವವಿದ್ಯಾಲಯದವರ ಅನುಮಾನವೇ ಬೇರೆ. ನೇಕಾರಿಕೆ, ನೀರು, ಅನ್ನ, ಶಾಲೆ, ಇದರಲ್ಲಿ ಅರ್ಥಶಾಸ್ತ್ರ ಎಲ್ಲಿದೆ ಎಂದು ಬಡ್ತಿಯ ಸಂದರ್ಶನದಲ್ಲಿ ಕೇಳಿ ಎರಡು ಸಲ ಹಿಂದಕ್ಕೆ ಕಳಿಸಿದರು.

2008ರ ಹೊತ್ತಿಗೆ ಬನಹಟ್ಟಿಯಲ್ಲಿ ಪವರ್‌ಲೂಮ್ ಸದ್ದು ಹೆಚ್ಚಿತ್ತು. ಹೆಂಗಸರು ಮನೆಯೊಳಗೂ ಕೂಗಿಕೊಂಡೇ ಮಾತಾಡುವುದನ್ನು ಅವಳು ಗಮನಿಸಿದಳು. ಕಿವಿ ಹೋದರೆ ಬದುಕಿನಲ್ಲಿ ಏನೇನು ಹೋಗುತ್ತದೆ ಎಂಬುದು ಅವಳ ಹೊಸ ಅಧ್ಯಯನವಾಯಿತು. ಶುರುವಿನ ಕೆಲವು ವಾರ ಎಲ್ಲರೂ ಮಾತಾಡಿದರು. ಆಮೇಲೆ ಇದ್ದಕ್ಕಿದ್ದಂತೆ ಬಾಗಿಲುಗಳು ಮುಚ್ಚಿದವು. ಪರಿಚಯದ ಹೆಂಗಸರೂ ಅವಳನ್ನು ಕಂಡು ಸಂದಿ ಹಿಡಿದು ಹೋಗತೊಡಗಿದರು.

ಯಾರೋ ಹೇಳಿಕೊಟ್ಟಿದ್ದಾರೆ. ಯಾರು? ಮಾಂತೇಶನ ಅಣ್ಣನದೇ ಎರಡು ಪವರ್‌ಲೂಮ್ ಶೆಡ್ ಇದ್ದವು. ಈಚೆಗೆ ಮಾಂತೇಶ ಬನಹಟ್ಟಿಯಲ್ಲಿ ಅವಳ ಜೊತೆ ಬರದಿರಲು ಏನಾದರೊಂದು ನೆವ ಹೇಳುತ್ತಿದ್ದ. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಶೆಡ್ ಮಾಲಕರ ಜೊತೆ ಅವನು ಚಹಾ ಕುಡಿಯುವುದನ್ನೂ ಅವಳು ಬಸ್ಸಿನಿಂದ ಕಂಡಿದ್ದಳು. ಆ ಚಹಾ ಅವಳ ತಲೆಯಲ್ಲಿ ದಿನದಿನಕ್ಕೆ ದೊಡ್ಡದಾಯಿತು. ಕಡೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು.

"ಸರ್, ಮಾಲಕರಿಗೆ ನನ್ನ ಸುದ್ದಿ ಏನೇನು ಮುಟ್ಟಸೀರಿ?"

ಮಾಂತೇಶ ಚೀಲ ಎತ್ತಿಕೊಂಡು ಕ್ಲಾಸಿಗೆ ನಡೆದ. ಆಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು.

ಮಳೆಗಾಲ ಕಳೆದ ಮೇಲೆ ಮಂಗಲಾ ಎಂಬ ಶೆಡ್ಡಿನ ಕೆಲಸಗಾರ್ತಿ ಕಾಲೇಜಿಗೇ ಹುಡುಕಿಕೊಂಡು ಬಂದಳು. ಮೊದಮೊದಲು ಚೆನ್ನಾಗಿ ಮಾತಾಡಿ ಆಮೇಲೆ ಬಾಗಿಲು ಹಾಕಿಕೊಂಡವಳು ಅವಳೇ.

"ಯಾರು ಹೆದರಿಸಿದ್ರು ನಿಮ್ಮನ್ನ?" ಎಂದಳು ಸಂಘಮಿತ್ರಾ.

"ಯಾರೂ ಇಲ್ರೀ ಬಾಯಾರ. ನಾವ ಮಾತಾಡಕೊಂಡ್ವಿ. ಕಿವಿ ಕೇಳಸಂಗಿಲ್ಲ ಅಂತ ಒಮ್ಮಿ ಹೆಸರು ಬಿತ್ತಂದ್ರ ಶೆಡ್ಡಿನಾಗ ಯಾರ ಇಟಗೋತಾರ? ಮಗಳ ಲಗ್ನಾ ಹೆಂಗ ಆಗ್ತೈತಿ? ಎದರಿಗೆ ಹೇಳಾಕ ಮಾರಿ ಇರಲಿಲ್ರೀ, ಬಾಗಲಾ ಹಾಕಿದ್ವಿ."

ಸಂಘಮಿತ್ರಾ ಅದೇ ಸಂಜೆ ಬನಹಟ್ಟಿಯ ಬಸ್ಸು ಹತ್ತಿದಳು. ಮಾಂತೇಶ ತನ್ನ ಮನೆಯ ಪಡಸಾಲೆಯಲ್ಲಿದ್ದ. ತನ್ನದು ತಪ್ಪಾಯಿತೆಂದು ಅವಳು ನೇರವಾಗಿ ಹೇಳಿದಳು.

"ಮಾಲಕರ ಕೂಡ ಚಹಾ ಕುಡದದ್ದು ಖರೆ," ಎಂದ ಅವನು. "ಶೆಡ್ಡಿನಾಗ ನಿಮ್ಮನ್ನ ಬಿಟಗೋರ್ರಿ ಅಂತ ಕೇಳಾಕ ಹೋಗಿದ್ದೆ. ಬನಹಟ್ಟ್ಯಾಗ ನಿಮ್ಮ ಜೋಡಿ ಬರಲಿಲ್ಲ, ಅದೂ ಖರೆ. ಬಂದ್ರ ನೀವು ನಮ್ಮ ಮನಿಗೂ ಬರ್ತೀನಿ ಅಂತಿದ್ರಿ. ನಮ್ಮವ್ವನ ಕಿವಿ ಹೋಗಿ ಭಾಳ ದಿನಾ ಆತು. ಮಂದಿಗೆ ಹೇಳಿಲ್ಲ ನಾವು."

ಹೇಗೆ ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ ಎಂದು ಇಬ್ಬರೂ ಅಲ್ಲೇ ಕೂತು ಯೋಚಿಸಿದರು. ಓಣಿಯ ಶಾಲೆಯಲ್ಲಿ ಕಿವಿ ತಪಾಸಣೆಯ ಶಿಬಿರ ನಡೆಯಿತು. ಮಕ್ಕಳು, ಮುದುಕರು, ಅಂಗಡಿಯವರು, ಎಲ್ಲರೂ ಬಂದರು. ಮಗ್ಗದವರು ಆ ಗುಂಪಿನಲ್ಲಿ ಬೆರೆತುಹೋದರು. ಯಾರ ಹೆಸರನ್ನೂ ಕೇಳದೆ, ಎಷ್ಟು ವರ್ಷದಿಂದ ಮಗ್ಗದ ಸದ್ದಿನಲ್ಲಿದ್ದೀರಿ ಎಂದಷ್ಟೇ ಕೇಳಿದರು. ಅದರಿಂದ ಹುಟ್ಟಿದ ಲೇಖನ ಇಬ್ಬರ ಹೆಸರಿನಲ್ಲೂ ಅಚ್ಚಾಯಿತು, ಮೂರನೆಯ ಸಲದ ಸಂದರ್ಶನದಲ್ಲಿ ಸಂಘಮಿತ್ರಾಳಿಗೆ ಬಡ್ತಿಯೂ ಸಿಕ್ಕಿತು. ಆದರೆ ಮಾಂತೇಶ ಮೊದಲಿನ ಸಲಿಗೆಯಿಂದ ಮತ್ತೆಂದೂ ಮಾತಾಡಲಿಲ್ಲ.

ಶಿಬಿರದ ದಿನ ಅವನು ತಾಯಿ ಶಿವವ್ವಳನ್ನು ಕೈಹಿಡಿದು ಕರೆತಂದಿದ್ದ. ಮುದುಕಿ ಸಂಘಮಿತ್ರಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಇಡೀ ಶಾಲೆಗೆ ಕೇಳುವಂತೆ ಮಗನನ್ನು ಕೇಳಿದಳು:

"ಈಕಿ ನಮ್ಮ ಮಗ್ಗಾ ನಿಂದರಸಾಕ ಬಂದಾಳೇನೋ?"

ಇಲ್ಲ ಎಂದು ಸಂಘಮಿತ್ರಾ ಕೈಯಾಡಿಸಿದಳು. ಶಿವವ್ವ ನಂಬಿದಂತೆ ಕಾಣಲಿಲ್ಲ. ಆದರೂ ಸೆರಗು ಸರಿಸಿ, ಮೊದಲು ಬಲಗಿವಿಯನ್ನು ಡಾಕ್ಟರರ ಮುಂದೆ ಹಿಡಿದಳು.